ಉಣ್ಣೋ ಕೈ, ಸೇರು ಒದ್ದ ಕಾಲು

ಆ ಭಾನುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಅಕ್ಕ ಅಪ್ಪನ ಮೋಟರ್‌ಸೈಕಲ್ಲನ್ನು ಇಳಿಜಾರಿನ ನೆತ್ತಿಯಿಂದ ಬಿಟ್ಟಳು. ವಿಡಿಯೊ ಮಾಡಲೆಂದು ನಾನು ಫೋನು ಹಿಡಿದು ನಿಂತಿದ್ದರಿಂದ ಸಮಯ ಗೊತ್ತು. ವಿಡಿಯೊದಲ್ಲಿ ಮೊದಲು ಅಕ್ಕ ಕಾಣುತ್ತಾಳೆ, ಆಮೇಲೆ ಬರೀ ನೆಲ. ಫೋನು ಕೈಯಿಂದ ಜಾರಿತ್ತು. ಮುಂದೆ ನಡೆದದ್ದು ಅದರಲ್ಲಿ ಇಲ್ಲ, ನನ್ನ ಕಣ್ಣಿನಲ್ಲಿದೆ.

ಸುರಪುರದ ಗುಡ್ಡದ ಮಗ್ಗುಲಲ್ಲಿ ಹೊಸದಾಗಿ ಪ್ಲಾಟು ಬಿದ್ದ ಜಾಗ ಅದು. ಇನ್ನೂ ಮನೆ ಎದ್ದಿರಲಿಲ್ಲ. ಗರಸುಕಲ್ಲಿನ ದಾರಿಯೊಂದು ಗುಡ್ಡದಿಂದ ಇಳಿದು ನೇರವಾಗಿ ಹುಣಸಗಿ ರಸ್ತೆಗೆ ಸೇರುತ್ತದೆ. ಅಪ್ಪ ಮೇಲೆ ನಿಂತಿದ್ದ, ನಾನು ಕೆಳಗೆ.

ಅಕ್ಕ ದೇವಾಪುರದಿಂದ ಒಳಗಿರುವ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರ್. ಅಲ್ಲಿಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಅದಕ್ಕೆ ಆಕೆ ಸೋಮವಾರ ಚೀಲ ಕಟ್ಟಿಕೊಂಡು ಹೋಗಿ, ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಮನೆಗೆ ಬರುತ್ತಿದ್ದಳು. ಭಾವನ ಕೆಲಸ ರಾಯಚೂರಿನಲ್ಲಿ. ಮೂರು ವರ್ಷದ ಮಗಳು ನಮ್ಮ ಮನೆಯಲ್ಲಿ, ನನ್ನ ಹಾಸಿಗೆಯಲ್ಲಿ ಮಲಗುತ್ತಿದ್ದಳು. ಎಲ್ಲರೂ ಕರೆಯುವುದನ್ನು ಕೇಳಿ ಅವಳೂ ತಾಯಿಯನ್ನು ‘ಟೀಚರ್’ ಎನ್ನುತ್ತಿದ್ದಳು. ಒಂದು ಶನಿವಾರ ಅಕ್ಕ ಒಳಗೆ ಬಂದಾಗ ಹುಡುಗಿ ನಮ್ಮವ್ವನ ಸೆರಗಿನ ಹಿಂದೆ ಸರಿದು, “ಟೀಚರ್ ಬಂದ್ಳು” ಎಂದಳು. ಎಲ್ಲರೂ ನಕ್ಕರು. ಅಕ್ಕ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು. ಹೊರಗೆ ಬಂದವಳೇ ಅಪ್ಪನಿಗೆ, “ನನಗ ಗಾಡಿ ಕಲಸ್ರಿ. ದಿನಾ ಸಂಜೀಕ ಮನೀಗೆ ಬರತೀನಿ” ಅಂದಳು.

ಜತೆಯ ಟೀಚರೊಬ್ಬರ ಸ್ಕೂಟಿಯನ್ನು ಆಕೆ ಶಾಲೆಯ ಬಯಲಿನಲ್ಲಿ ಓಡಿಸಿದ್ದಳು. ಆದರೆ ಎರೆ ಮಣ್ಣಿನ ಆ ದಾರಿಯಲ್ಲಿ ಮಳೆಗಾಲಕ್ಕೆ ಸಣ್ಣ ಗಾಲಿ ಹೂತುಬಿಡುತ್ತದೆ. ಮಂಡಿ ನೋವಿನಿಂದ ಅಪ್ಪ ಬಿಟ್ಟಿದ್ದ ಮೋಟರ್‌ಸೈಕಲ್ ಮನೆಯಲ್ಲೇ ಇತ್ತು. ಅಪ್ಪ ತನಗೆ ಬಂದ ಹಾಗೆ ಕಲಿಸಿದ. “ಬ್ಯಾಲೆನ್ಸ್ ಬಂದ್ರ ಗಾಡಿ ಬಂದಂಗ. ಮುಂದಿನ ಬ್ರೇಕ್ ಮಾತ್ರ ಮುಟ್ಟಬ್ಯಾಡ, ಪಲ್ಟಿ ಹೊಡೀತದ.”

ಸ್ಕೂಟಿಯಲ್ಲಿ ಎಡಗೈಯಲ್ಲಿರುವುದು ಬ್ರೇಕು. ಮೋಟರ್‌ಸೈಕಲ್ಲಿನಲ್ಲಿ ಅದು ಕ್ಲಚ್ಚು. ಒತ್ತಿ ಹಿಡಿದರೆ ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಇಳಿಜಾರಿನಲ್ಲಿ ಇನ್ನೂ ಸಲೀಸಾಗಿ ಓಡುತ್ತದೆ. ಅಕ್ಕನಿಗೆ ಇದು ಗೊತ್ತಿತ್ತು. ಅವಳ ಕೈಗೆ ಗೊತ್ತಿರಲಿಲ್ಲ.

ಅರ್ಧ ದಾರಿ ಚೆನ್ನಾಗಿಯೇ ಬಂದಳು. ಬಲಗಡೆಯಿಂದ ಹತ್ತಿ ಹೇರಿದ ಟ್ರ್ಯಾಕ್ಟರ್ ಬರುತ್ತಿರುವುದು ನನಗೆ ಕಂಡಿತು. ಅಪ್ಪನಿಗೂ ಕಂಡಿರಬೇಕು, ಮೇಲಿನಿಂದ ಕೂಗಿದ, “ಬ್ರೇಕ್ ಹಿಡಿಯವ್ವಾ! ಬ್ರೇಕ್ ಹಿಡಿ!” ಅಕ್ಕ ಹಿಡಿದಳು, ಎಡಗೈಯಲ್ಲಿ. ಗಾಡಿಯ ಸದ್ದು ಇಳಿಯಿತು, ವೇಗ ಏರಿತು. ಅಪ್ಪ ಕೂಗಿದಷ್ಟೂ ಅವಳು ಎಡಗೈ ಬಿಗಿ ಮಾಡಿದಳು. ನನ್ನ ಮುಂದೆ ಹಾದು ಹೋಗುವಾಗ ಅವಳ ಮುಖ ನೋಡಿದೆ. ಅದರಲ್ಲಿ ಹೆದರಿಕೆ ಇರಲಿಲ್ಲ, ಬರೀ ಆಶ್ಚರ್ಯ. ಹಿಡಿದರೂ ಯಾಕೆ ನಿಲ್ಲುತ್ತಿಲ್ಲ ಎಂಬ ಆಶ್ಚರ್ಯ. ನಾನು “ನಿಲ್ಲು” ಎನ್ನಲು ಬಾಯಿ ತೆರೆದೆ. ದನಿ ಬರಲಿಲ್ಲ.

ಟ್ರ್ಯಾಕ್ಟರಿನ ಮೂತಿಯ ಮುಂದೆ, ಕೈ ಚಾಚಿದರೆ ತಾಗುವಷ್ಟು ಅಂತರದಲ್ಲಿ ರಸ್ತೆ ದಾಟಿ ಅವಳು ಆಚೆ ಜಾಲಿ ಕಂಟಿಯೊಳಗೆ ಬಿದ್ದಳು.

ಚಾಲಕ ಇಳಿದು ಬಂದ. “ಏ ಯವ್ವಾ, ಸಾಯಾಕ ನಂದ ಟ್ರ್ಯಾಕ್ಟರ್ ಬೇಕಾಗಿತ್ತೇನ ನಿನಗ?” ಎಂದು ಬೈಯುತ್ತಲೇ ನೀರಿನ ಬಾಟಲಿ ಬಿಚ್ಚಿದ. “ಮೊದಲ ನೀರು ಕುಡಿ. ಕೈ ಅಲ್ಲಾಡಸು ನೋಡೋಣು. ನನಗೂ ಹೆಣ್ಣುಮಕ್ಕಳದಾರ, ಇನ್ನ ಯಾರಿಗೂ ಗಾಡಿ ಕಲಸಂಗಿಲ್ಲ ನಾ.”

ಮುಳ್ಳಿನ ನಡುವೆ ಕೂತಿದ್ದ ಅಕ್ಕ, “ಕಲಸು ಅಣ್ಣಾ. ಸಪಾಟ ಜಾಗಾದಾಗ ಕಲಸು” ಅಂದಳು.

ದವಾಖಾನೆಯಲ್ಲಿ ಮಣಿಕಟ್ಟಿಗೆ ಪಟ್ಟಿ ಕಟ್ಟಿದರು, ಮೊಳಕೈಗೆ ಹೊಲಿಗೆ ಹಾಕಿದರು. ಅಪ್ಪ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ, “ಗಾಡಿ ಮಾರಿಬಿಡತೀನಿ” ಅಂದ. ಅವ್ವ ಹೌದೆಂದಳು. ನಾನೂ ಹೌದೆಂದೆ. ಅಕ್ಕ ಮಗಳ ತಲೆ ಬಾಚುತ್ತಿದ್ದಳು, ಒಂದೇ ಕೈಯಲ್ಲಿ. “ಮಾರ್ರಿ. ನಾ ಮತ್ತ ಚೀಲ ಕಟಗೋತೀನಿ” ಎಂದಳು. ಆಮೇಲೆ ಯಾರೂ ಗಾಡಿ ಮಾರುವ ಮಾತೆತ್ತಲಿಲ್ಲ.

ಅಕ್ಕನಿಗೆ ಅಂದು ಒಳ್ಳೆಯ ನಿದ್ದೆ ಬಂತು. ನನಗೆ ಬರಲಿಲ್ಲ, ಮರುದಿನವೂ ಬರಲಿಲ್ಲ. ಕಣ್ಣು ಮುಚ್ಚಿದರೆ ಟ್ರ್ಯಾಕ್ಟರ್ ಬರುತ್ತಿತ್ತು. ಕೆಲವು ಸಲ ಅಕ್ಕ ದಾಟುತ್ತಿದ್ದಳು, ಕೆಲವು ಸಲ ಇಲ್ಲ. ಎಚ್ಚರಾದಾಗ ಎಡಗೈ ಮುಷ್ಟಿ ಕಟ್ಟಿರುತ್ತಿತ್ತು. ನಾನು ಕಲಿಸುವ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವಾಗ ಹೊರಗೆ ಯಾವುದಾದರೂ ಗಾಡಿ ಸದ್ದು ಇಳಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಮಣಿಕಟ್ಟು ವಾಸಿಯಾದ ಮೇಲೆ ಅಕ್ಕ ಶಹಾಪುರದಲ್ಲಿ ಹೆಂಗಸರಿಗೆ ಗಾಡಿ ಕಲಿಸುವ ಒಬ್ಬರನ್ನು ಹುಡುಕಿದಳು. ಯಾದಗಿರಿಯವರು, ಗಟ್ಟಿ ಗಂಟಲಿನ ಹೆಂಗಸು. ಮುಚ್ಚಿದ ಹತ್ತಿ ಮಿಲ್ಲಿನ ಹಿಂದಿನ ಬಯಲಿನಲ್ಲಿ ಕಲಿಸುತ್ತಿದ್ದರು. ಬೇಸಿಗೆ ರಜೆಯಲ್ಲಿ ದಿನಾ ಬಸ್ಸಿಗೆ ಹೋಗುತ್ತಿದ್ದೆವು. ಅಕ್ಕನನ್ನು ಒಬ್ಬಳೇ ಕಳಿಸಲು ನನಗೆ ಧೈರ್ಯವಿರಲಿಲ್ಲ.

ಮೊದಲ ಕೆಲವು ದಿನ ಅವರು ತಮ್ಮ ಮೋಟರ್‌ಸೈಕಲ್ಲಿನ ಚಾವಿಯನ್ನೇ ಕೊಡಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಅಕ್ಕ ಎಂಜಿನ್ ಚಾಲೂ ಮಾಡದ ಗಾಡಿಯನ್ನು ತಳ್ಳಿಕೊಂಡು ಬಯಲು ಸುತ್ತಬೇಕು, ಸ್ಟ್ಯಾಂಡ್ ಹಾಕಬೇಕು, ತೆಗೆಯಬೇಕು, ಹೇಳಿದಲ್ಲಿ ನಿಲ್ಲಿಸಬೇಕು.

“ಹೆದರಿದಾಗ ನಿಮ್ಮ ಕೈ ಯಾ ಕಡೆ ಓಡತದರಿ?”

“ಎಡಕ್ರಿ.”

“ಊಟ ಯಾ ಕೈಲೆ ಮಾಡತೀರಿ?”

“ಬಲಗೈಲೆ.”

“ಮತ್ತ? ಗಾಡಿ ನಿಲ್ಲಸೋದೂ ಉಣ್ಣೋ ಕೈಲೇನ. ಮದಿವ್ಯಾಗ ಹೊಸ್ತಿಲ ಮ್ಯಾಲಿನ ಸೇರು ಯಾ ಕಾಲಲೆ ಒದ್ರಿ?”

“ಬಲಗಾಲಲೆ.”

“ಜೋರಲೆ ಒದ್ರೇನು?”

“ಇಲ್ರಿ. ಮೆಲ್ಲಕ ಅಂದಿದ್ರು ಅತ್ತಿ.”

“ಹಾಂ, ಹಿಂದಿನ ಬ್ರೇಕ್ ಹಂಗ ಒತ್ತರಿ. ಅಕ್ಕಿ ಚೆಲ್ಲಬೇಕು, ಸೇರು ಉರುಳಿ ಓಡಬಾರದು. ಉಣ್ಣೋ ಕೈ, ಸೇರು ಒದ್ದ ಕಾಲು. ಎರಡೂ ಕೂಡೇ.”

“ಮುಂದಿನ ಬ್ರೇಕ್ ಮುಟ್ಟಬಾರದಂತಲ್ರಿ?”

“ಒಮ್ಮಿಗೇ ಹಿಚಿಕಿದ್ರ ಕೆಡವತದ. ಎಮ್ಮಿ ಹಿಂಡೀರಿಲ್ಲೋ? ಹಂಗ, ನಿಧಾನಕ್ಕ ಬಿಗಿ ಮಾಡಬೇಕು.” ನನ್ನತ್ತ ತಿರುಗಿದರು. “ಇಕೀಗೆ ಇನ್ನಾ ಸೇರಿನ ಸುದ್ದಿ ಗೊತ್ತಿಲ್ಲ ಕಾಣತದ. ಯಾಕವಾ, ಬೇವಿನ ಗಿಡದ ಬುಡಕ ಮಾರಿ ಸಣ್ಣ ಮಾಡಿ ಕುಂತೀ? ಬಾ ಇಲ್ಲಿ.”

ಚಾವಿ ಕೊಟ್ಟ ದಿನ ಅದು. ನೆಲದ ಮೇಲೆ ಸುಣ್ಣದ ಗೆರೆ ಎಳೆದಿದ್ದರು. ಗೆರೆಯಿಂದ ದೂರ, ಪಕ್ಕಕ್ಕೆ ನನ್ನನ್ನು ನಿಲ್ಲಿಸಿದರು. ಅಕ್ಕ ಮೊದಲ ಗೇರಿನಲ್ಲಿ ಬರುತ್ತಾಳೆ. ನನಗೆ ಬೇಕೆನಿಸಿದಾಗ “ನಿಲ್ಲು” ಎಂದು ಕೂಗಬೇಕು. ನನ್ನ ಕಥೆ ಅವರಿಗೆ ಗೊತ್ತಿರಲಿಲ್ಲ.

ಅಕ್ಕ ಹೊರಟಳು. ಮೆಲ್ಲಗೆ ಓಡುವವರಷ್ಟೇ ವೇಗ. ಆದರೂ ನಾನು ಬಾಯಿ ತೆರೆದು ಹಾಗೇ ನಿಂತೆ. ಗಾಡಿ ಗೆರೆ ದಾಟಿ ಹೋಯಿತು.

“ಕಾಲೇಜಿನಾಗ ಪಾಠ ಹೇಳತೀನಂತಿ. ಹಿಂದಿನ ಬೆಂಚಿನವ್ರು ಮಲಗೇ ಇರತಾರೇನು?”

ಎರಡನೆಯ ಸಲ ಕೂಗಿದೆ. ಅದು ಕೂಗಲ್ಲ, ಕೆಮ್ಮು. ಅಕ್ಕ ನಿಂತಳು, ಆದರೆ ಎಡಗೈ ಮೊದಲು ಹೋಗಿತ್ತು. ಮತ್ತೆ, ಮತ್ತೆ. ಬಿಸಿಲೇರುವ ಹೊತ್ತಿಗೆ ನನ್ನ ದನಿ ಮಿಲ್ಲಿನ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಕಾಗೆಗಳು ಎದ್ದವು. ಅಕ್ಕ ಹೆಲ್ಮೆಟ್ಟಿನೊಳಗೆ ತುಟಿ ಆಡಿಸುತ್ತ ಬರುವಳು, ನಾನು ಕೂಗುವೆ, ಬಲಗೈ ಬೆರಳು ಮಡಚುವವು, ಬಲಗಾಲು ಇಳಿಯುವುದು, ಮೂತಿ ತಗ್ಗಿ ಗಾಡಿ ನಿಲ್ಲುವುದು. ಕ್ಲಚ್ಚು ಕೊನೆಗೆ. ಒಂದು ಸಲ ನಿಂತವಳು ಹಾಗೇ ನನ್ನ ನೋಡಿ, “ಅವತ್ತೂ ಹಿಂಗ ಒದರಬೇಕಿಲ್ಲೇನ” ಎಂದು ನಕ್ಕಳು. ನನಗೆ ಅಳು ಬಂತು. ಆಕೆ ಗಾಡಿಯನ್ನು ಹಾಗೇ ಬಿಟ್ಟು ಓಡಿ ಬರಲಿಲ್ಲ. ಸ್ಟ್ಯಾಂಡ್ ಹಾಕಿ, ಚಾವಿ ತೆಗೆದು, ಆಮೇಲೆ ಬಂದಳು.

ಯಾದಗಿರಿಯಲ್ಲಿ ಪರೀಕ್ಷೆ ಕೊಟ್ಟು ಲೈಸೆನ್ಸ್ ಪಡೆದಳು. ಅಪ್ಪ ಗಾಡಿಗೆ ಹೊಸ ಬ್ರೇಕ್ ಹಾಕಿಸಿದ, ಮುಂದಿನದಕ್ಕೂ.

ಶಾಲೆ ಶುರುವಾದ ಮೊದಲ ದಿನ ಅಕ್ಕ ಚೀಲ ಕಟ್ಟದೆ ಹೊರಟಳು. ನಾನು ಕಾಲೇಜಿನಿಂದ ಬೇಗ ಬಂದು ಕಟ್ಟೆಯ ಮೇಲೆ ಕೂತೆ. ಅಪ್ಪ ಒಳಗೂ ಹೊರಗೂ ಓಡಾಡುತ್ತಿದ್ದ. ಬೆಳಕಿರುವಾಗಲೇ ಓಣಿಯ ತಿರುವಿನಲ್ಲಿ ಎಂಜಿನ್ ಸದ್ದು ಇಳಿಯಿತು. ನನ್ನ ಎಡಗೈ ತಾನಾಗಿ ಮುಷ್ಟಿ ಕಟ್ಟಿತು. ಗಾಲಿಗಳಿಗೆ ಎರೆ ಮಣ್ಣು ಮೆತ್ತಿದ ಗಾಡಿ ಬಂದು ಬಾಗಿಲ ಮುಂದೆ ನಿಂತಿತು.

“ಟೀಚರ್ ಬಂದ್ಳು!” ಎಂದು ಹುಡುಗಿ ಓಡಿದಳು.

ಉಂಡ ಮೇಲೆ ಅವಳು ತನ್ನ ದಿಂಬನ್ನು ನನ್ನ ಹಾಸಿಗೆಯಿಂದ ಎಳೆದುಕೊಂಡು ಅಕ್ಕನ ಪಕ್ಕ ಹೋದಳು. ನನ್ನ ಹಾಸಿಗೆ ದೊಡ್ಡದಾಯಿತು. ಅದರಲ್ಲಿ ಕಾಲು ಚಾಚಿದ್ದಷ್ಟೇ ನೆನಪಿದೆ. ಕಣ್ಣು ಬಿಟ್ಟಾಗ ಬಿಸಿಲು ಬಾಗಿಲಿಗೆ ಬಂದಿತ್ತು, ಅಂಗಳದಲ್ಲಿ ಗಾಡಿ ಇರಲಿಲ್ಲ. ಆಕೆ ಶಾಲೆಗೆ ಹೋದದ್ದು ನನಗೆ ಕೇಳಿಸಿಯೇ ಇರಲಿಲ್ಲ.