ಹಮ್ಮಸ್‌ಪ್ಯೋರಕ್ಕೆ ಎಷ್ಟು ಹಲ್ಲು

ಕಾಚಿಗೂಡದಲ್ಲಿರುವ ನನ್ನ ಸೋದರತ್ತೆಯ ಹೊಲಿಗೆ ಯಂತ್ರ ಫಿನ್‌ಲೆಂಡಿನದು. ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದು. ಜೊತೆಗೆ ಬಂದ ಪುಸ್ತಿಕೆಯನ್ನು ಯಾರೂ ಓದಿರಲಿಲ್ಲ. ಕಳೆದ ಶ್ರಾವಣದಲ್ಲಿ ಅದರೊಳಗಿನ ಚಕ್ರವೊಂದರ ಹಲ್ಲು ಮುರಿದವು.

“ನೀ ಭಾಷಾಶಾಸ್ತ್ರ ಓದಿದಾಕಿ, ಇದನ್ನ ಓದಿ ಹೇಳವ್ವಾ,” ಎಂದರು ಅತ್ತೆ. “ಈ ವಾರ ತಿರುಗಲಿಲ್ಲಂದ್ರ ಗುಜರಿಗೆ ಕೊಟ್ಟುಬಿಡ್ತೀನಿ.” ಹಾಗೆನ್ನುತ್ತಲೇ ಯಂತ್ರವನ್ನು ಸೆರಗಿನಿಂದ ಒರೆಸಿದರು.

ಚಿತ್ರದಲ್ಲಿ ಆ ಚಕ್ರದ ಪಕ್ಕ ‘ಹಮ್ಮಸ್‌ಪ್ಯೋರ’ ಎಂದಿತ್ತು. ಫೋನಿನಲ್ಲಿ ನಿಘಂಟು ತೆರೆದೆ. ಹಮ್ಮಸ್ ಎಂದರೆ ಹಲ್ಲು, ಪ್ಯೋರ ಎಂದರೆ ಚಕ್ರ. ಪ್ಯೋರ ಅವರದೇ ಪದ, ಸುತ್ತುವುದಕ್ಕೆ ಸಂಬಂಧಿಸಿದ್ದು. ಹಮ್ಮಸ್ ಮಾತ್ರ ಬಹಳ ಹಿಂದೆ ನೆರೆಯ ಬಾಲ್ಟಿಕ್ ಜನರಿಂದ ಪಡೆದದ್ದು. ಸಂಸ್ಕೃತದಲ್ಲಿ ಹಲ್ಲಿಗಿರುವ ‘ಜಂಭ’ ಅದರ ದೂರದ ನೆಂಟ. ಕಾಚಿಗೂಡದ ಅಡುಗೆಮನೆಯಲ್ಲಿ ಕೂತು ಇಂಥ ನೆಂಟಸ್ತನ ಕಂಡುಹಿಡಿದರೆ ಚಹಾ ಆರಿಹೋಗುವುದು ಸಹಜ. ಟಿಪ್ಪಣಿ ಎರಡು ಪುಟವಾಯಿತು. ಆಮೇಲೆ, ಯಂತ್ರದಿಂದ ಬಿಚ್ಚಿದ ಚಕ್ರದ ಮೊದಲ ಹಲ್ಲಿಗೆ ಉಗುರುಬಣ್ಣದ ಚುಕ್ಕೆಯಿಟ್ಟು, ಎರಡು ಸಲ ಎಣಿಸಿದೆ. ಇಪ್ಪತ್ತೇಳು.

ಹೊಸ ಚಕ್ರ ಮಾಡಿಸಲು, ಸ್ಟೇಷನ್ನಿನ ಹಿಂದೆ ಲೇಥ್ ಇಟ್ಟುಕೊಂಡಿರುವ ಬೀದರ ಕಡೆಯ ಹಿರಿಯರೊಬ್ಬರ ಬಳಿಗೆ ಇಬ್ಬರೂ ಹೋದೆವು.

“ಎಷ್ಟು ಹಲ್ಲು ತಂಗಿ?”

“ಇಪ್ಪತ್ತೇಳು,” ಎಂದೆ, ತಡವರಿಸದೆ.

ಅವರು ಚಕ್ರ ತಿರುಗಿಸಿ ನೋಡಿದರು. “ಇದ್ದಿದ್ದು ಎಣಿಸಿದಿ. ಬಿದ್ದಿದ್ದು?”

ನಾನು ಬಗ್ಗಿ ಮುರಿದ ಜಾಗ ನೋಡಿದೆ.

“ಎತ್ತು ಕೊಳ್ಳಾಕ ಹೋದಾಗ ಬಾಯಾಗಿದ್ದ ಹಲ್ಲು ನೋಡಬೇಕು,” ಎಂದರು ಅವರು. “ಗಾಲಿಗೆ ಹಂಗಲ್ಲವ್ವಾ. ಇಪ್ಪತ್ತೇಳು ಹಾಕಿ ಕೊಟ್ಟಿದ್ರ ಪಕ್ಕದ ಗಾಲಿನೂ ತಿಂದು ಹಾಕ್ತಿತ್ತು.”

“ಭಾಳ ಓದ್ಯಾಳರಿ ಅಣ್ಣಾರ,” ಎಂದರು ಅತ್ತೆ. ನನ್ನ ಪರವೋ ವಿರುದ್ಧವೋ ತಿಳಿಯಲಿಲ್ಲ.

ಅವರು ಚಕ್ರಕ್ಕೆ ಮಸಿ ಬಳಿದು ಹಳೇ ಪೇಪರಿನ ಮೇಲೆ ಉರುಳಿಸಿದರು. ಹಲ್ಲು ಮೂಡಿಸಿದ ಗೆರೆಗಳ ನಡುವಿನ ಖಾಲಿ ಜಾಗವನ್ನು ಕಡ್ಡಿಯಿಂದ ಅಳೆದರು. ಮೂರು ಹಲ್ಲಿನಷ್ಟಿತ್ತು. ನಾನು ಚೀಲದಿಂದ ಪುಸ್ತಿಕೆ ತೆಗೆದೆ. ಅದೇ ಚಿತ್ರ, ಅದೇ ಪದ. ಅದರ ಮುಂದೆ, ಪುಟದ ಅಂಚಿಗೆ, ೩೦ ಎಂಬ ಅಂಕಿ. ಪದ ಸಿಕ್ಕ ಖುಷಿಯಲ್ಲಿ ಅಲ್ಲಿಯವರೆಗೆ ಕಣ್ಣೇ ಹೋಗಿರಲಿಲ್ಲ.

ಶನಿವಾರ ಹೊಸ ಚಕ್ರ ಕೂತಿತು. ಅತ್ತೆ ಒಂದು ಚಿಂದಿಯ ಮೇಲೆ ಉದ್ದಕ್ಕೆ ಹೊಲಿಗೆ ಹಾಕಿ, ತಿರುವಿ ನೋಡಿ, ಅದನ್ನು ನನ್ನ ಕೈಗಿಟ್ಟರು.

“ತಗೋ, ಹೊಲಿಗಿ ಟಾಕಿ ಎಣಿಸು.”