ದೊಡ್ಡಪ್ಪನ ಕೋವಿಗೆ ನಾನು ಕಟ್ಟಿದ ಉಂಡೆ

ಕಡೂರಿನ ಈ ಮನೆಯಲ್ಲಿ ಹಿತ್ತಾಳೆ ದೀಪ ಉಜ್ಜಲು ತೆಂಗಿನ ನಾರು ಕೈಗೆತ್ತಿಕೊಂಡರೆ ಸಾಕು, ಆ ಒಣ ವಾಸನೆಗೆ ಹಿರೇನಲ್ಲೂರು ಕಡೆಯ ನಮ್ಮ ಹಳೆಯ ಮನೆಯ ಜಗುಲಿ ಕಣ್ಣೆದುರು ಬರುತ್ತದೆ. ಜಗುಲಿಯಲ್ಲಿ ಕಾಲು ಚಾಚಿ ಕೂತು, ಹಣೆತುಂಬ ವಿಭೂತಿ ಹಚ್ಚಿಕೊಂಡ ದೊಡ್ಡಪ್ಪ ಕೋವಿ ಒರೆಸುತ್ತಿದ್ದರು. ಕಡ್ಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗಳಿಗೆಂದು ಲೈಸೆನ್ಸ್ ಪಡೆದಿದ್ದ ನಳಿಗೆಯ ಬಾಯಿಂದಲೇ ಮದ್ದು, ಗುಂಡು ತುಂಬುವ ಹಳೆಯ ಕೇಪಿನ ಕೋವಿ ಅದು. ಸೀಸ ಕರಗಿಸಿ ಅಚ್ಚಿಗೆ ಹೊಯ್ದು ಗುಂಡು ಮಾಡುವುದೂ, ಮದ್ದು ಸುರಿಯುವುದೂ ಅವರೇ. ಮದ್ದಿಗೂ ಗುಂಡಿಗೂ ನಡುವೆ ಗಿಡಿಯುವ ನಾರಿನ ಉಂಡೆ ಮಾತ್ರ ನನ್ನ ಪಾಲಿನ ಕೆಲಸ. ನನಗಾಗ ಹತ್ತು ವರ್ಷ. ಸಿಪ್ಪೆ ಬಡಿದು, ಪುಡಿಯೆಲ್ಲ ಕೊಡವಿ, ನಾರನ್ನಷ್ಟೇ ಬಿಗಿಯಾಗಿ ಸುತ್ತಬೇಕು. "ಹತ್ತಿ ಗಿತ್ತಿ ಹಾಕ್ಬ್ಯಾಡ ಕಣವ್ವ, ಕಿಡಿ ಹಿಡ್ಕಂಡ್ರೆ ಬಿಡಲ್ಲ ಅದು, ಉರ್ಕಂತಾನೇ ಹೊರಗೆ ಹಾರಿ ಬೀಳ್ತದೆ," ಎಂದು ಎಷ್ಟು ಸಲ ಹೇಳಿದ್ದರೋ. ನಾನು ಕೊಟ್ಟ ಉಂಡೆಯನ್ನು ಬಿಚ್ಚಿ ನೋಡಿದವರಲ್ಲ, ಕಣ್ಣಿಗೊತ್ತಿಕೊಂಡು ಹಾಗೇ ನಳಿಗೆಗೆ ಹಾಕುತ್ತಿದ್ದರು. ನಿಮ್ಮ ಮನೆಯಲ್ಲೂ ಮಕ್ಕಳನ್ನು ಹೀಗೆ ನಂಬುವವರೊಬ್ಬರು ಇದ್ದಿರಬಹುದು.

ಅವತ್ತು ನಾರು ಬಿಡಿಸಿ ಬಿಡಿಸಿ ನನ್ನ ಬೆರಳು ಉರಿಯುತ್ತಿತ್ತು. ಅಕ್ಕ ಹುಣಸೆಮರಕ್ಕೆ ಜೋಕಾಲಿ ಕಟ್ಟಿ ಕೂಗುತ್ತಿದ್ದಳು. ಹರಿದ ದಿಂಬಿನಿಂದ ಹತ್ತಿ ಕಿತ್ತು, ಮೇಲೆ ಎರಡು ಸುತ್ತು ನಾರು ಸುತ್ತಿ, ದೊಡ್ಡಪ್ಪನ ಕೈಗಿಟ್ಟು ಓಡಿದೆ. ಅಯ್ಯೋ, ಎಂಥ ಕಳ್ಳಿ ನಾನು! ಹೊತ್ತು ಮುಳುಗುವಾಗ ಈಡು ಹಾರಿದ ಸದ್ದು ಜೋಕಾಲಿಗೇ ಕೇಳಿತು. ಸ್ವಲ್ಪ ಹೊತ್ತಿಗೆ ಪಕ್ಕದ ಹೊಲದ ಪುಟ್ಟಮ್ಮನ ಹುಲ್ಲಿನ ಬಣವೆ ಧಗಧಗ ಉರಿಯುತ್ತಿತ್ತು. ಪುಟ್ಟಮ್ಮ ಗಂಡನಿಲ್ಲದ ಹೆಂಗಸು. ಎರಡು ಎಮ್ಮೆಗಳಿಗೆ ವರ್ಷದ ಮೇವು ಅದು. ಊರವರು ಬಿಂದಿಗೆ ಹಿಡಿದು ಓಡಿಬರುವಷ್ಟರಲ್ಲಿ ಬೂದಿಯಾಗಿತ್ತು.

"ನಂದೇ ತಪ್ಪು ಕಣಮ್ಮ. ಮದ್ದು ಜಾಸ್ತಿ ಸುರಿದ್ಬಿಟ್ಟೆ, ಕೈ ನಡುಗಿರ್ಬೇಕು," ಎಂದು ದೊಡ್ಡಪ್ಪ ಪುಟ್ಟಮ್ಮನ ಮುಂದೆ ಕೈಮುಗಿದು ನಿಂತರು. ನಾನು ದೊಡ್ಡಮ್ಮನ ಸೆರಗಿನ ಹಿಂದಿದ್ದೆ. ಬಾಯಿ ತೆರೆದರೆ ಮುಗಿಯುತ್ತಿತ್ತು. ತೆರೆಯಲಿಲ್ಲ. ಮಾರನೆಯ ದಿನವೇ ನಮ್ಮ ಬಣವೆಯ ಹುಲ್ಲನ್ನೆಲ್ಲ ಗಾಡಿಯಲ್ಲಿ ಅವಳ ಮನೆಗೆ ಹೊಡೆಸಿದರು, ಕೋವಿಯನ್ನು ಠಾಣೆಗೆ ಒಪ್ಪಿಸಿ ಬಂದರು.

ಕೋವಿ ಹೋದರೆ ಹೋಗಲಿ. ದೊಡ್ಡಪ್ಪನಿಗೆ ತಮ್ಮ ಕೈಯ ಮೇಲಿನ ನಂಬಿಕೆಯೇ ಹೋಯಿತು. ಊರಲ್ಲಿ ಯಾರ ಎತ್ತಿಗಾದರೂ ಲಾಳ ಕಟ್ಟುವಾಗ ಕಾಲು ಹಿಡಿಯಲು ಮೊದಲು ಕರೆಯುತ್ತಿದ್ದುದು ಅವರನ್ನು. ಆಮೇಲೆ ಕರೆದರೂ ಹೋಗಲಿಲ್ಲ. ತಾವೇ ಗಡ್ಡ ಹೆರೆದುಕೊಳ್ಳುವುದನ್ನು ಬಿಟ್ಟರು. ಅಕ್ಕನಿಗೆ ಮಗು ಹುಟ್ಟಿದಾಗ ತೊಡೆಯ ಮೇಲಿಡಲು ಹೋದರೆ, "ಬ್ಯಾಡವ್ವ, ನನ್ ಕೈ ನಂಬಂಗಿಲ್ಲ," ಎಂದು ಹಿಂದೆ ಸರಿದರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಶುದ್ಧ ಸುಳ್ಳು. ಮಾಡಿದವಳು ನಾನು, ಉಂಡವರು ಅವರು.

ಈಗ ಆ ಮನೆಯಿಲ್ಲ. ಜಗುಲಿ ಇದ್ದ ಕಡೆ ಯಾರದೋ ಟ್ರ್ಯಾಕ್ಟರ್ ಶೆಡ್ಡು ಎದ್ದಿದೆ. ಮನೆ ಬೀಳುವ ಮೊದಲು, ದೊಡ್ಡಪ್ಪ ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಕೋಣೆಯಲ್ಲಿ ನಾವಿಬ್ಬರೇ. ಹೇಳಿಬಿಡಬೇಕೆಂದೇ ಹೋಗಿದ್ದೆ, ದೇವರಾಣೆ. ಅವರೇ ಮೊದಲು ಕೇಳಿದರು.

"ನೀನು ದಿನಾ ಪಕ್ಕದಲ್ಲೇ ಕೂತಿರ್ತಿದ್ದೆ. ನಿಜ ಹೇಳವ್ವ, ಆಗ್ಲೇ ನನ್ ಕೈ ನಡುಗ್ತಿತ್ತಾ?"

"ಹೂಂ ದೊಡ್ಡಪ್ಪ. ಸ್ವಲ್ಪ ನಡುಗ್ತಿತ್ತು," ಅಂದೆ.

"ನಾನೂ ಹಂಗೇ ಅನ್ಕಂಡಿದ್ದೆ. ವಯಸ್ಸಾಗಿತ್ತಲ್ಲ," ಎಂದು ಕಣ್ಣು ಮುಚ್ಚಿದರು.

ಬಣವೆ ಸುಟ್ಟಾಗ ಅವರಿಗೆ ಐವತ್ತೆರಡು ವರ್ಷ. ಈಗ ನನಗೂ ಅಷ್ಟೇ. ಇವತ್ತು ಬೆಳಿಗ್ಗೆ ಸೂಜಿಗೆ ದಾರ ಪೋಣಿಸಿದೆ. ಒಂದೇ ಸಲಕ್ಕೆ ಹೋಯಿತು.