ಹುಳುಮನೆಯ ಗಾಳಿ

ನಮ್ಮ ಅತ್ತೆ ಓದಿದ್ದು ಎರಡನೇ ಕ್ಲಾಸು, ನಾನು ಬಿ.ಎಸ್ಸಿ., ಬಿ.ಎಡ್. ಆದರೂ ನಾನು ಕಂಡ ಮೊದಲ ವಾಯುಮಾಲಿನ್ಯ ನಿಯಂತ್ರಣಾಧಿಕಾರಿ ಅವರೇ. ಅವರ ಕಚೇರಿ ಮನೆಯ ಹಿಂದಿದ್ದ ರೇಷ್ಮೆಹುಳುವಿನ ಮನೆ. ಬೀಡಿ ಸೇದಿದವರು ಅತ್ತ ಸುಳಿಯುವಂತಿರಲಿಲ್ಲ. ಹುಳು ಇರುವಷ್ಟು ದಿನ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆಗೂ ರಜೆ. ಮದುವೆಯಾದ ಹೊಸದರಲ್ಲಿ ಒಂದು ದಿನ ನಾನು ಮುಖಕ್ಕೆ ಪೌಡರು ಬಳಿದುಕೊಂಡು ಒಳಗೆ ಹೊರಟೆ. ಅತ್ತೆ ಹೊಸ್ತಿಲಲ್ಲೇ ತಡೆದು ಮೂಗರಳಿಸಿದರು.

"ಓಗಿ ಮೊಕ ತೊಳ್ಕೊಂಡ್ ಬಾ ಕೂಸೆ. ಈ ಉಳಗಳು ಎಣ್ ನೋಡಾಕೇನ್ ಬಂದಿಲ್ಲ."

ನಾನು ಶ್ರೀರಂಗಪಟ್ಟಣದ ಪೇಟೆ ಹುಡುಗಿ. ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ ಕಡೆಯ ಈ ಊರಿಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದೆ. ಗಾಳಿಯ ಪಾಠವೆಂದರೆ ನನಗೆ ಎಲ್ಲಿಲ್ಲದ ಹುರುಪು. ನೂರಕ್ಕೆ ಎಪ್ಪತ್ತೆಂಟು ಪಾಲು ಸಾರಜನಕ, ಇಪ್ಪತ್ತೊಂದು ಪಾಲು ಆಮ್ಲಜನಕ, ಮಿಕ್ಕಿದ್ದರಲ್ಲಿ ಆರ್ಗಾನು, ಇಂಗಾಲದ ಡೈಆಕ್ಸೈಡು ಮುಂತಾದ ಚಿಲ್ಲರೆ ಸಂಸಾರವೆಲ್ಲ ಎಂದು ಮಗ್ಗಿಯ ಹಾಗೆ ಹೇಳಿಸುತ್ತಿದ್ದೆ. ನನ್ನ ದನಿ ನನಗೇ ಬಹಳ ಚೆನ್ನಾಗಿ ಕೇಳುತ್ತಿತ್ತು.

ಹುಳುಮನೆಯಿಂದ ಕೂಗಳತೆಯಲ್ಲಿ ಮಾವನವರ ಆಲೆಮನೆ. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ಹಾಕಿ ಬೆಲ್ಲ ಕಾಯಿಸುವುದು ವಾಡಿಕೆ. ಒಂದು ವರ್ಷ ಅಕಾಲದಲ್ಲಿ ಮಳೆ ಬಂದು ಸಿಪ್ಪೆಯ ರಾಶಿ ನೆನೆದು ಹೋಯಿತು. ಮಾವ ಪೇಟೆಗೆ ಹೋಗಿ ಒಂದು ಟ್ರಾಕ್ಟರು ತುಂಬ ಲಾರಿಯ ಹಳೇ ಟೈರು ತಂದು ಸುರಿದರು. ಮಾರನೆಯ ದಿನದಿಂದ ನಮ್ಮ ಆಕಾಶದ ಬಣ್ಣವೇ ಬೇರೆಯಾಯಿತು.

ನಾನು ಸುಮ್ಮನಿರಲಿಲ್ಲ. ಊಟಕ್ಕೆ ಬಡಿಸುತ್ತಲೇ ಮಾವನಿಗೆ ಪಾಠ ಶುರುಮಾಡಿದೆ. ಉರಿಗೆ ಸಾಕಷ್ಟು ಆಮ್ಲಜನಕ ಸಿಗದಿದ್ದರೆ ಇಂಗಾಲ ಪೂರ್ತಿ ಉರಿಯದೆ ಕರೀ ಮಸಿಯಾಗಿ ಹಾರುತ್ತದೆ, ಟೈರಿನ ರಬ್ಬರಿನಲ್ಲಿ ಗಂಧಕ ಬೆರೆಸಿರುತ್ತಾರೆ, ಅದು ಉರಿದರೆ ಕಣ್ಣು ಗಂಟಲು ಸುಡುವ ಅನಿಲವಾಗುತ್ತದೆ ಎಂದೆ. ಮಾವ ಮುದ್ದೆ ಮುರಿಯುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ಬೆಂಕಿ ಅಂದ್ಮ್ಯಾಲೆ ಒಗೆ ಬರ್ದೆ ಪನ್ನೀರು ಬತ್ತದಾ ಕಣವ್ವ?" ಎಂದು ಇನ್ನಷ್ಟು ಸಾರು ಹಾಕಿಸಿಕೊಂಡರು.

ನನಗೆ ಹೊಗೆಯೆಂದರೆ ಪಾಠ. ಅತ್ತೆಗೆ ಅದು ಪಾಠವಾಗಿರಲಿಲ್ಲ. ಅವರ ಹಿಪ್ಪುನೇರಳೆ ತೋಟದ ಸೊಪ್ಪು ತಿಂದ ಹಿಂದಿನ ಎರಡು ಹುಳುಬೆಳೆ ಕೈಕೊಟ್ಟಿದ್ದವು. "ಈ ಸಲಾನೂ ಉಳ ಓದ್ರೆ ಇಪ್ನೇರ್ಳೆ ಕಿತ್ತಾಕಿ ಕಬ್ ಆಕ್ಬುಡ್ತೀನಿ" ಎಂದು ಮಾವ ಜಗಲಿಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಿದ್ದರು. ಅತ್ತೆ ಸೊಪ್ಪು ಕತ್ತರಿಸುತ್ತ ನನ್ನ ಹತ್ತಿರ ಮಾತ್ರ ಅಂದರು: "ಆ ತೋಟ ಓದ್ರೆ ಈ ಮನೇಲಿ ನಂದು ಅಂತ ಇನ್ನೇನದೆ ಕೂಸೆ?"

ಆಗ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು, ಮಲಗಿ, ಪೊರೆ ಕಳಚುವುದಕ್ಕೆ ಅಲ್ಲಿಯವರು ಹಾಗೆನ್ನುತ್ತಾರೆ. ನಾಲ್ಕನೆಯದು ಮುಗಿಸಿ ಎದ್ದ ಹುಳು ಬಕಾಸುರನ ಹಾಗೆ ತಿನ್ನಬೇಕು. ಇವು ತಿನ್ನದೆ ತಲೆಯೆತ್ತಿಕೊಂಡು ಕೂತಿದ್ದವು. ಟೈರಿನ ಹೊಗೆ ಕಿಟಕಿಯಿಂದ ನೇರವಾಗಿ ಹುಳು ಸಾಕುವ ಬಿದಿರಿನ ತಟ್ಟೆಗಳ ಮೇಲೆ ಇಳಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ವಿಜ್ಞಾನದ ಟೀಚರು ಕೈಕಟ್ಟಿ ಕೂರಲಾದೀತೇ? ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದವಳೇ ಮೈದಾಹಿಟ್ಟಿನ ಅಂಟು ಕಾಯಿಸಿದೆ. ಹಳೇ ಪೇಪರು ಹರಡಿಕೊಂಡು ಹುಳುಮನೆಯ ಎರಡೂ ಕಿಟಕಿ, ಹೆಂಚಿನ ಕೆಳಗಿನ ಸಂದು, ಗೋಡೆಯ ಬಿರುಕು ಎಲ್ಲಕ್ಕೂ ಎರಡೆರಡು ಪದರ ಅಂಟಿಸಿದೆ. ಬಾಗಿಲ ಕೆಳಗೆ ಗೋಣಿತಾಟು ತುರುಕಿದೆ. ಚಳಿಗಾಲದಲ್ಲಿ ಹುಳುವಿಗೆ ಬೆಚ್ಚಗಿರಲೆಂದು ಒಳಗೆ ಬಾಣಲೆಯಲ್ಲಿ ಇದ್ದಿಲ ಕೆಂಡ ಇಡುವುದು ಅಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದೇ. ಅದನ್ನೂ ಇಟ್ಟೆವು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದರು. "ಅಲ್ಲ ಕೂಸೆ, ಇಂಗ್ ಮುಚ್ಬುಟ್ರೆ ಗಾಳಿ?"

"ಕೆಂಡದಲ್ಲಿ ಹೊಗೆ ಎಲ್ಲಿದೆ ಅತ್ತೆ? ಒಳಗಿರೋದೆಲ್ಲ ಶುದ್ಧ ಗಾಳೀನೇ."

ಹೀಗೆಂದದ್ದು ನಾನೇ. ಅದೇ ವಾರ ಕಪ್ಪುಹಲಗೆಯ ಮೇಲೆ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ವಿಷ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದವಳೂ ನಾನೇ. ಶಾಲೆಯ ವಿದ್ಯೆ ಶಾಲೆಯಲ್ಲೇ ಸೀಮೆಸುಣ್ಣದ ಜೊತೆ ಉಳಿದಿತ್ತು.

ಭಾನುವಾರ ಬೆಳಿಗ್ಗೆ ಅತ್ತೆ ಬಾಣಲೆಗೆ ಹೊಸ ಇದ್ದಿಲು ತುಂಬಿ ಮೇವು ಹಾಕಲು ಒಳಗೆ ಹೋದರು. ರೊಟ್ಟಿ ಆರುತ್ತಿದೆಯೆಂದು ಕರೆಯಲು ನಾನು ಹೋದಾಗ ಒಂಬತ್ತು ದಾಟಿತ್ತು. ಬಾಗಿಲು ತೆಗೆದರೆ ಧಗೆ ಮುಖಕ್ಕೆ ಬಡಿಯಿತು. ಅತ್ತೆ ತಟ್ಟೆಗಳ ಸ್ಟ್ಯಾಂಡಿಗೆ ಒರಗಿ ಕೂತಿದ್ದರು, ಸೊಪ್ಪು ಮಡಿಲಲ್ಲಿತ್ತು.

"ತಲೆ ಸಿಡೀತದೆ ಕೂಸೆ. ಕಾಲೇ ಏಳ್ತಿಲ್ಲ."

ಬಾಣಲೆಯ ಕೆಂಡ ಕೆಂಪಗೆ, ಒಂದೆಳೆ ಹೊಗೆಯೂ ಇಲ್ಲದೆ ಉರಿಯುತ್ತಿತ್ತು. ಆಗ ನನಗೆ ಹೊಳೆಯಿತು. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕವನ್ನು ಕೆಂಡವೇ ಉಂಡು ಮುಗಿಸುತ್ತಿದೆ. ಅರೆಹೊಟ್ಟೆಯಲ್ಲಿ ಉರಿದ ಇದ್ದಿಲು ಆ ಬಣ್ಣವಿಲ್ಲದ ಅನಿಲವನ್ನೇ ಬಿಡುತ್ತಿದೆ. ಅದು ರಕ್ತದಲ್ಲಿ ಆಮ್ಲಜನಕಕ್ಕೆ ಜಾಗ ಬಿಡದೆ ಅಂಟಿಕೊಳ್ಳುತ್ತದೆ. "ಮಾವಾ!" ಎಂದು ಕಿರುಚಿ ಅತ್ತೆಯ ತೋಳು ಹಿಡಿದು ಎಳೆದೆ.

ಮಾವ ಆಲೆಮನೆಯಿಂದ ಪಾಕ ತಿರುವುವ ಹುಟ್ಟು ಕೈಯಲ್ಲಿದ್ದ ಹಾಗೇ ಓಡಿಬಂದರು. ಅದನ್ನು ಎಸೆದು ಅತ್ತೆಯನ್ನು ಎತ್ತಿಕೊಂಡು ಹುಣಸೆಮರದ ಕೆಳಗೆ ಮಲಗಿಸಿದರು. ಉಸಿರಾಡಲಿ ಎಂದು ನಾನು ಸೆರಗು ಬೀಸಿದರೆ ಬಂದದ್ದು ಟೈರಿನ ಹೊಗೆ. ಅತ್ತೆ ಕೆಮ್ಮಿದರು, ಇನ್ನೂ ಕೆಮ್ಮಿದರು. ಮಾವ ಒಮ್ಮೆ ಅತ್ತೆಯ ಮುಖ ನೋಡಿದರು, ಒಮ್ಮೆ ಆಲೆಮನೆಯ ಕಡೆ ನೋಡಿದರು.

"ಒಲೆ ಆರ್ಸ್ಲಾ!" ಎಂದು ಉರಿ ಹಾಕುವವನಿಗೆ ಕೂಗಿದರು.

"ಪಾಕ ಬರೋ ಒತ್ತು ಗೌಡ್ರೆ!" ಅವನು ಅಲ್ಲಿಂದಲೇ ಕೂಗಿದ.

"ಪಾಕ ಆಳಾಗೋಗ್ಲಿ, ಆರ್ಸ್ಲಾ ಅಂದ್ರೆ!"

ಕೊಡಗಟ್ಟಲೆ ನೀರು ಒಲೆಗೆ ಬಿತ್ತು. ಹೊಗೆ ತೆಳುವಾಗುತ್ತ ಬಂತು. ಅತ್ತೆ ಒಂದು ಸಲ ವಾಂತಿ ಮಾಡಿಕೊಂಡು, ನೀರು ಕುಡಿದು, ಮೆಲ್ಲಗೆ ಎದ್ದು ಕೂತರು. ಸುದ್ದಿ ಮುಟ್ಟಿ ಮೊಪೆಡ್ಡಿನಲ್ಲಿ ಬಂದ ಡಾಕ್ಟರು ಕಣ್ಣು, ನಾಡಿ ನೋಡಿ, ಸದ್ಯ ಬೇಗ ಹೊರಗೆ ತಂದಿರಿ, ಇನ್ನು ಗಾಳಿಯಲ್ಲೇ ಇರಲಿ, ಮತ್ತೆ ತಲೆಸುತ್ತು ಬಂದರೆ ಆಸ್ಪತ್ರೆಗೆ ಕರೆತನ್ನಿ ಎಂದು ಹೋದರು. ಅವರು ಬರುವ ಮೊದಲೇ ನಾನು ಹುಳುಮನೆಗೆ ಓಡಿ ಬಾಗಿಲು ಹಾರುಹೊಡೆದು, ಕಾಗದವನ್ನೆಲ್ಲ ಪರಪರ ಕಿತ್ತೆಸೆದು, ಬಾಣಲೆಯನ್ನು ಹೊರಗೆ ಎಳೆದಿದ್ದೆ. ಅಷ್ಟರಲ್ಲಿ ಅಕ್ಕಪಕ್ಕದವರು ಸೇರಿದ್ದರು.

ಭಯ ಇಳಿದ ಮೇಲೆ ಮಾವನಿಗೆ ಸಿಟ್ಟು ಬಂತು. "ಯಾರ್ ಅಂಟ್ಸಿದ್ದು ಆ ಕಾಗ್ದಾನ? ಬುದ್ಧಿ ಬ್ಯಾಡ್ವಾ?"

"ನಾನೇ ಅಂಟ್ಸ್ದೆ," ಎಂದರು ಅತ್ತೆ. ತಲೆಯೆತ್ತಲು ತ್ರಾಣವಿಲ್ಲ, ಸುಳ್ಳು ಮಾತ್ರ ಚೊಕ್ಕವಾಗಿ ಹೇಳಿದರು.

ಮಾವ ಊರವರೆದುರೇ ಬಯ್ಯತೊಡಗಿದರು. ದಡ್ಡಿ, ಹೆಡ್ಡಿ, ಎರಡಕ್ಷರ ಓದಿದ್ದರೆ ಹೀಗಾಗುತ್ತಿತ್ತಾ ಎಂದೆಲ್ಲ. ನಾನು ಬಾಯಿ ತೆರೆಯಹೋದರೆ ಅತ್ತೆ ನನ್ನ ಕೈ ಹಿಂಡಿ, "ಸುಮ್ಕಿರು. ನಾಳೆ ಇಸ್ಕೂಲಲ್ಲಿ ಮಕ್ಳಿಗೆ ಪಾಠ ಯೇಳ್ಬೇಕು ನೀನು" ಎಂದು ಪಿಸುಗುಟ್ಟಿದರು. ನಾನು ಕೈ ಬಿಡಿಸಿಕೊಂಡು ಅಷ್ಟೂ ಜನರೆದುರು ಗಟ್ಟಿಯಾಗಿ ಹೇಳಿಬಿಟ್ಟೆ: "ಅಂಟಿಸಿದ್ದು ನಾನು ಮಾವ. ಗಾಳಿ ಬೇಡ್ವಾ ಅಂತ ಅತ್ತೆ ಆಗ್ಲೇ ಕೇಳಿದ್ರು."

ಎಲ್ಲರೂ ನನ್ನನ್ನು ನೋಡಿದರು. ಮಾವ ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು. ಮಸಿಯೇ ಬಂತು. ಅದನ್ನು ನೋಡಿ, "ನಾನ್ ಟೈರ್ ಸುಡ್ದೆ ಇದ್ದಿದ್ರೆ ನೀನ್ಯಾಕ್ ಅಂಟ್ಸ್ತಿದ್ದೆ ಕಣವ್ವ?" ಎಂದರು.

ಈಗ ಅತ್ತೆಗೆ ರೇಗಿತು. "ತೆಪ್ಪು ಯಾರ್ದಾರಾ ಆಗ್ಲಿ. ಉಳ ಬದ್ಕವೋ ಸತ್ತವೋ ಯಾರಾದ್ರೂ ನೋಡಿದ್ರಾ?"

ನಾನು ಓಡಿ ನೋಡಿ ಬಂದೆ. ಹುಳುವಿನ ರಕ್ತ ನಮ್ಮದರ ಹಾಗೆ ಕೆಂಪಲ್ಲ, ಆ ಅನಿಲಕ್ಕೆ ಅದು ನಮ್ಮಷ್ಟು ಬೇಗ ಸೋಲುವುದಿಲ್ಲ ಎಂದು ಮುಂದೆ ಎಲ್ಲೋ ಓದಿದೆ. ಆಗ ಕಂಡದ್ದಿಷ್ಟೇ: ಹೊಸ ಗಾಳಿ ಆಡಿದ್ದೇ ತಡ, ಅವು ಸರಸರ ಮೇಯುತ್ತಿದ್ದವು. ಅತ್ತೆ ಹಾಕಿದ್ದ ಸೊಪ್ಪಿನಲ್ಲಿ ಬರೀ ಕಡ್ಡಿ ಉಳಿದಿತ್ತು.

"ತಿಂತಾವೆ ಅತ್ತೆ! ಸೊಪ್ಪು ಸಾಲ್ತಾ ಇಲ್ಲ!"

ಅತ್ತೆ ಮಾವನ ಕಡೆ ತಿರುಗಿ, "ಕೇಳಿಸ್ತಾ? ನಂಗ್ ಏಳಾಕಾಗಾಕಿಲ್ಲ ಇವತ್ತು" ಎಂದರು.

ಹಿಪ್ಪುನೇರಳೆ ಕಿತ್ತುಹಾಕುತ್ತೇನೆಂದಿದ್ದ ಮನುಷ್ಯ ತಲೆಗೆ ಟವೆಲು ಸುತ್ತಿ, ಕುಡುಗೋಲು ಹುಡುಕಿಕೊಂಡು, ಅತ್ತೆಯ ತೋಟಕ್ಕೆ ಸೊಪ್ಪು ಕೊಯ್ಯಲು ಹೊರಟರು. "ಎಳೇದ್ ಕೊಯ್ಬ್ಯಾಡಿ, ಬಲ್ತಿರೋದ್ ನೋಡಿ ಕೊಯ್ರಿ" ಎಂದು ಅತ್ತೆ ಹುಣಸೆಮರದ ಕೆಳಗಿನಿಂದಲೇ ಕೂಗಿದರು. ಮಾವ ತಿರುಗಿ ನೋಡದೆ, "ಊ ಕಣಮ್ಮಿ" ಎಂದರು.